ಪೈಪ್ ಮೇಸ್ತ್ರಿಯ ಮನೆ ಯಾರಿಗೆ?

ಬದುಕಿರುವಾಗಲೇ ಮನೆಯನ್ನು ಮಕ್ಕಳ ಹೆಸರಿಗೆ ಬರೆದುಕೊಡಬೇಕು ಎಂಬ ಯೋಚನೆ ಪೈಪ್ ಮೇಸ್ತ್ರಿಯ ತಲೆಗೆ ಹೊಕ್ಕಿದ್ದು ಕನ್ನಡಕದ ಅಂಗಡಿಯಲ್ಲಿ. ಅಂಗಡಿಯವರು ಅವರ ಹಳೆಯ ಗೆಳೆಯರು. ಯಾವ ವಿಷಯವನ್ನಾದರೂ ಇದ್ದದ್ದಕ್ಕಿಂತ ನಾಲ್ಕು ಪಟ್ಟು ಹಿಗ್ಗಿಸಿ ಹೇಳುತ್ತಿದ್ದರಿಂದ ಬೀದಿಯವರು ಅವರಿಗೆ ಭೂತಗನ್ನಡಿ ಎಂದು ಹೆಸರಿಟ್ಟಿದ್ದರು. ಅವತ್ತು ಮೇಸ್ತ್ರಿಯ ಮೂಗಿನ ಮೇಲೆ ಹೊಸ ಫ್ರೇಮು ಕೂರಿಸುತ್ತ ಭೂತಗನ್ನಡಿ ತಮ್ಮ ಇಬ್ಬರು ಗಂಡುಮಕ್ಕಳ ಕಥೆ ತೆಗೆದರು. ಆ ಅಂಗಡಿಗಾಗಿ, ಅದರ ಮೇಲಿನ ಮನೆಗಾಗಿ ಅಣ್ಣತಮ್ಮಂದಿರು ಮಾತು ಬಿಟ್ಟು ಕೋರ್ಟು ಹತ್ತಿದ್ದರು.

“ಒಬ್ಬ ಬಂದ್ರೆ ಇನ್ನೊಬ್ಬ ಬರಲ್ಲ ಕಣಯ್ಯ. ದೊಡ್ಡೋನು ಹಣ್ಣು ತಂದ ಅಂತ ಗೊತ್ತಾದ್ರೆ ಚಿಕ್ಕೋನು ಬುಟ್ಟಿ ತುಂಬ ತರ್ತಾನೆ. ತಿಂದು ತಿಂದು ನನ್ನ ಹೊಟ್ಟೆ ಕೆಟ್ಟೋಯ್ತು. ನಿನಗೆ ಈ ಪಾಡು ಬೇಡ. ಕೈಕಾಲು ಗಟ್ಟಿ ಇರೋವಾಗ್ಲೇ ಮಕ್ಕಳಿಗೆ ಕೊಟ್ಟು ಕೈ ತೊಳ್ಕೊ.”

ಮಾತೇನೋ ಸಂಕಟದ್ದೇ. ಆದರೆ ಹೇಳುವವರ ಮುಖದಲ್ಲಿ ಒಂದು ಗತ್ತಿತ್ತು. ಮಕ್ಕಳು ಕಿತ್ತಾಡುವಷ್ಟು ಆಸ್ತಿ ಮಾಡಿಟ್ಟವರ ಗತ್ತು ಅದು. ಮೇಸ್ತ್ರಿ ಹೊಸ ಕನ್ನಡಕದಲ್ಲಿ ಮೊದಲು ಸ್ಪಷ್ಟವಾಗಿ ಕಂಡದ್ದು ಅದನ್ನೇ.

ಮೇಸ್ತ್ರಿಯೂ ಏನು ಕಡಿಮೆಯವರಲ್ಲ. ಊರಿನ ಅರ್ಧ ಬಚ್ಚಲುಮನೆಗಳಿಗೆ ನೀರು ಹರಿಸಿದ ಕೈ ಅವರದು. ಸಂಪಾದನೆಯಲ್ಲಿ ಮೂರು ಮಹಡಿಯ ಒಂದು ಕಿರಿದಾದ ಮನೆಯನ್ನು ಕಟ್ಟಿಕೊಂಡಿದ್ದರು. ಗೋಡೆ ಕಟ್ಟಿದ್ದು ಬೇರೆಯವರಾದರೂ ಪೈಪುಗಳೆಲ್ಲ ಅವರವೇ. ಯಾರ ಮನೆಯ ಕೆಲಸದಲ್ಲಿ ಎಷ್ಟು ಪೈಪು ಉಳಿಯುತ್ತಿತ್ತೋ ಅಷ್ಟೂ ಇಲ್ಲಿಗೆ ಬಂದು ಗೋಡೆ ಏರಿ, ಮೂಲೆ ತಿರುಗಿ, ಬಾಗಿಲ ಮೇಲಿಂದ ಹಾದು ಎಲ್ಲೋ ಮಾಯವಾಗುತ್ತಿತ್ತು. ಅಡುಗೆಮನೆಯ ನಲ್ಲಿ ತಿರುಗಿಸಬೇಕಾದರೆ ಮೊದಲು ಮೆಟ್ಟಿಲ ಕೆಳಗಿನ ವಾಲ್ವು ತೆರೆಯಬೇಕಿತ್ತು. ಅದನ್ನು ಪೂರ್ತಿ ತೆರೆದರೆ ಮಹಡಿಯ ಬಚ್ಚಲಲ್ಲಿ ಸ್ನಾನಕ್ಕೆ ನಿಂತವರು ಕಿರುಚಿಕೊಳ್ಳುತ್ತಿದ್ದರು. ಬಿಸಿನೀರು ಚೆನ್ನಾಗಿ ಬರುತ್ತಿದ್ದದ್ದು ಹಿತ್ತಿಲಿನ ಗಿಡಗಳಿಗೆ ಹಾಕುವ ನಲ್ಲಿಯಲ್ಲಿ. ಯಾವ ವಾಲ್ವು ಯಾವುದಕ್ಕೆ ಎಂಬುದು ಮೇಸ್ತ್ರಿಗೆ ಮಾತ್ರ ಗೊತ್ತು. ಇಂಥ ಮನೆ ಊರಲ್ಲಿ ಇನ್ನೊಂದಿಲ್ಲ ಎಂದು ಅವರು ಎದೆಯುಬ್ಬಿಸಿ ಹೇಳುತ್ತಿದ್ದರು. ಆ ಮಾತನ್ನು ಅಲ್ಲಗಳೆದವರೂ ಯಾರೂ ಇರಲಿಲ್ಲ.

ಮೇಸ್ತ್ರಿ ನೇರವಾಗಿ ವಕೀಲರ ಹತ್ತಿರ ಹೋದರು. ವಕೀಲರು ದಾನಪತ್ರದ ವಿಷಯ ವಿವರಿಸಿ, “ನೀವು ಕೊಟ್ರೆ ಸಾಲದು, ತಗೊಳ್ಳೋರು ಒಪ್ಕೋಬೇಕು,” ಎಂದರು.

ಮೇಸ್ತ್ರಿಗೆ ನಗು ತಡೆಯಲಾಗಲಿಲ್ಲ. “ಮೂರು ಮಹಡಿ ಮನೆ ಸ್ವಾಮಿ! ಬೇಡ ಅನ್ನೋಕೆ ಅವರಿಗೇನು ತಲೆ ಕೆಟ್ಟಿದೆಯಾ?”

ಅವರಿಗೆ ಇಬ್ಬರು ಮಕ್ಕಳು. ದೊಡ್ಡವಳು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಕೆಲಸಕ್ಕಿದ್ದಳು. ನಾಲ್ಕನೇ ಮಹಡಿಯ ಫ್ಲ್ಯಾಟಿನಲ್ಲಿ ಗಂಡನೊಂದಿಗೆ ವಾಸ. ಚಿಕ್ಕವನಿಗೆ ಒಂದು ಬೇಕರಿ. ಅದರ ಹಿಂದೆಯೇ ಮನೆ. ಮನೆ ಯಾರಿಗೆ ಎಂಬುದನ್ನು ಮೇಸ್ತ್ರಿ ಇನ್ನೂ ತೀರ್ಮಾನಿಸಿರಲಿಲ್ಲ. ಮೊದಲು ಇಬ್ಬರೂ ನನಗೆ ತನಗೆ ಎಂದು ಕಚ್ಚಾಡಲಿ, ಆಮೇಲೆ ತಾವು ಎದ್ದು ನಿಂತು ಬುದ್ಧಿ ಹೇಳುವುದು ಎಂದು ಲೆಕ್ಕ ಹಾಕಿದ್ದರು. ಬುದ್ಧಿಮಾತೂ ತಯಾರಾಗಿತ್ತು. ಗಡ್ಡ ಹೆರೆದುಕೊಳ್ಳುವಾಗಲೆಲ್ಲ ಕನ್ನಡಿಯ ಮುಂದೆ ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದರು. “ಮಕ್ಕಳೇ, ಆಸ್ತಿ ಇವತ್ತು ಇರುತ್ತೆ, ನಾಳೆ ಇರಲ್ಲ. ರಕ್ತಸಂಬಂಧ ಹಾಗಲ್ಲ…”

“ರೀ, ಕೆನ್ನೆ ಕುಯ್ಕೋತೀರಾ. ಮೊದಲು ಹೆರೆದು ಮುಗಿಸಿ, ಆಮೇಲೆ ಭಾಷಣ ಮಾಡಿ,” ಎನ್ನುತ್ತಿದ್ದರು ಹೆಂಡತಿ. ಆಕೆ ದೊಡ್ಡ ಆಸ್ಪತ್ರೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು, ಬೀದಿಗೆಲ್ಲ ನರ್ಸಮ್ಮ. ರಕ್ತ ಕಂಡರೂ ಭಾಷಣ ಕೇಳಿದರೂ ಒಂದೇ ರೀತಿ ತಣ್ಣಗಿರುವ ಹೆಂಗಸು.

ಭಾನುವಾರ ಮಕ್ಕಳಿಬ್ಬರನ್ನೂ ಊಟಕ್ಕೆ ಕರೆದರು. ತಟ್ಟೆಗಳು ಅರ್ಧ ಖಾಲಿಯಾದಾಗ ಮೇಸ್ತ್ರಿ ಗಂಟಲು ಸರಿಮಾಡಿಕೊಂಡು ವಿಷಯ ಹೇಳಿದರು. ಹೇಳಿ, ಯಾರ ಕಣ್ಣು ಮೊದಲು ಕೆಂಪಗಾಗುತ್ತದೆ ಎಂದು ನೋಡುತ್ತ ಕೂತರು.

ಮಗ ಬಾಯಲ್ಲಿದ್ದ ತುತ್ತು ನುಂಗಿದ. “ಅಕ್ಕನಿಗೆ ಕೊಡಿ ಅಪ್ಪ. ದೊಡ್ಡೋಳು.”

“ಅಯ್ಯಯ್ಯೋ, ತಮ್ಮನಿಗೇ ಇರಲಿ,” ಎಂದಳು ಮಗಳು. “ಅವನಿಗೆ ಮಕ್ಕಳು ಬೆಳೀತಿದಾರೆ. ಜಾಗ ಬೇಕಾಗತ್ತೆ.”

“ನನ್ನ ಮಕ್ಕಳು ಸಣ್ಣಗಿದಾರೆ. ನೀನೇ ಇಟ್ಕೋ ಅಕ್ಕ.”

“ಬೇಡ ಕಣೋ, ನನ್ನಾಣೆ.”

ಮೇಸ್ತ್ರಿಯ ಕಣ್ಣು ತುಂಬಿಬಂತು. ಒಬ್ಬರಿಗಾಗಿ ಒಬ್ಬರು ಇಡೀ ಮನೆ ಬಿಟ್ಟುಕೊಡುವ ಮಕ್ಕಳು! ಎಂಥ ರತ್ನಗಳನ್ನು ಹೆತ್ತೆ ಎಂದು ಹೆಂಡತಿಯ ಕಡೆ ನೋಡಿದರು. ನರ್ಸಮ್ಮ ಮೀನಿನ ಮುಳ್ಳು ಬಿಡಿಸುವುದರಲ್ಲಿ ಮಗ್ನರಾಗಿದ್ದರು. ಅಳು ಮಕ್ಕಳಿಗೆ ಕಾಣಬಾರದೆಂದು ಮೇಸ್ತ್ರಿ ಬಚ್ಚಲಿಗೆ ಹೋಗಿ ಮುಖಕ್ಕೆ ನೀರು ಹಾಕಿಕೊಂಡರು.

ಆ ಬಚ್ಚಲಿನ ಗೋಡೆಯಲ್ಲಿ ಮಹಡಿಯಿಂದ ಇಳಿದುಬಂದ ಒಂದು ಖಾಲಿ ಪೈಪಿತ್ತು. ಎಂದಾದರೂ ಬೇಕಾದೀತೆಂದು ಹಾಕಿ ಹಾಗೇ ಬಿಟ್ಟದ್ದು. ಮಕ್ಕಳು ಅಷ್ಟರಲ್ಲಿ ಊಟ ಮುಗಿಸಿ ಕೈತೊಳೆಯಲು ಮಹಡಿಗೆ ಹೋಗಿದ್ದರು. ಅವರ ಮಾತು ಆ ಪೈಪಿನಲ್ಲಿ ಇಳಿದು, ಕಿವಿಯ ಪಕ್ಕದಲ್ಲೇ ನಿಂತು ಹೇಳಿದಂತೆ ಕೇಳಿಸಿತು.

“ಅಕ್ಕ, ನಿನ್ನ ದಮ್ಮಯ್ಯ. ನೀನೇ ಹೂಂ ಅಂದ್ಬಿಡು. ಆ ವಾಲ್ವು ಗೀಲ್ವು ನನ್ನ ಕೈಲಿ ಆಗಲ್ಲ.”

“ನನ್ನ ಕೈಲಿ ಆಗತ್ತಾ? ನಮ್ಮ ಫ್ಲ್ಯಾಟಲ್ಲಿ ನಲ್ಲಿ ತಿರುಗಿಸಿದ್ರೆ ನೀರು ಬರತ್ತೆ ಕಣೋ. ಅಷ್ಟೇ. ಎಷ್ಟು ನೆಮ್ಮದಿ ಗೊತ್ತಾ?”

“ತಗೊಂಡು ಮಾರಿಬಿಟ್ರೆ?”

“ಕೊಳ್ಳೋನು ಒಂದು ಸಲ ಬಚ್ಚಲು ನೋಡಿದ ಮೇಲೆ ತಿರುಗಿ ಬರ್ತಾನಾ?”

ಇಬ್ಬರೂ ಬಿದ್ದು ಬಿದ್ದು ನಕ್ಕರು. ಪೈಪು ಆ ನಗುವನ್ನೂ ಒಂದು ಚೂರು ಸೋರಿಸದೆ ತಂದುಕೊಟ್ಟಿತು.

ಮೇಸ್ತ್ರಿ ಅಲ್ಲೇ ಬಕೆಟಿನ ಮೇಲೆ ಕೂತರು. ಮಕ್ಕಳು ಹೋಗುವಾಗ ಬಾಗಿಲಿಗೂ ಬರಲಿಲ್ಲ.

ಮರುದಿನ ಕನ್ನಡಕದ ಫ್ರೇಮು ಸಡಿಲವಾಗಿದೆ ಎಂಬ ನೆಪದಲ್ಲಿ ಗೆಳೆಯನ ಅಂಗಡಿಗೆ ಹೋದರು. ಭೂತಗನ್ನಡಿ ಸ್ಟೂಲು ಎಳೆದು ಹತ್ತಿರ ಕೂತು ಕೇಳಿದರು, “ಹೇಳಿದ್ಯಾ? ಏನಾಯ್ತು? ಜಗಳ ಆಯ್ತಾ?”

ಆಗಲಿಲ್ಲ ಎನ್ನಲು ಮೇಸ್ತ್ರಿ ಬಾಯಿ ತೆರೆದರು. ಅಷ್ಟರಲ್ಲಿ ಗಾಜಿನ ಕಪಾಟಿನ ಮೇಲೆ ಗೆಳೆಯನ ಚಿಕ್ಕ ಮಗ ತಂದಿಟ್ಟಿದ್ದ ಹಣ್ಣಿನ ಬುಟ್ಟಿ ಕಣ್ಣಿಗೆ ಬಿತ್ತು.

“ಕೇಳಬೇಡ ಮಾರಾಯ,” ಎಂದುಬಿಟ್ಟರು. “ತಟ್ಟೆ ಹಾರಾಡಿದ್ವು.”

“ಹೌದಾ!”

“ಅಳಿಯ ಅಡ್ಡ ಬರದೇ ಇದ್ದಿದ್ರೆ ಏನಾಗ್ತಿತ್ತೋ.” ಅಳಿಯ ಅವತ್ತು ಬಂದೇ ಇರಲಿಲ್ಲ.

ಭೂತಗನ್ನಡಿಯ ಮುಖದಲ್ಲಿ ಗೌರವ ಮೂಡಿತು. ಮೇಸ್ತ್ರಿಗೆ ಹಾಯೆನಿಸಿತು. ಆದರೆ ಆ ಹಾಯಿ ಬಹಳ ಹೊತ್ತು ಉಳಿಯಲಿಲ್ಲ. ಗೆಳೆಯ ಅವರ ಭುಜದ ಮೇಲೆ ಕೈಯಿಟ್ಟು, “ಇಂಥದ್ದಕ್ಕೆ ಹೊರಗಿನೋರು ಒಬ್ರು ಬೇಕು ಕಣೋ. ನನಗೆ ಅನುಭವ ಇದೆ. ಮುಂದಿನ ಭಾನುವಾರ ಇಬ್ಬರನ್ನೂ ಕರೆಸು. ನಾನೇ ಬಂದು ಕೂತು ಬಗೆಹರಿಸ್ತೀನಿ,” ಎಂದರು.

ಬೇಡವೆಂದಷ್ಟೂ ಅವರ ಉತ್ಸಾಹ ಹೆಚ್ಚಿತು. ಮೇಸ್ತ್ರಿಗೆ ಈಗ ಭಾನುವಾರದೊಳಗೆ ಎಲ್ಲಿಂದಾದರೂ ಒಂದು ಜಗಳ ತರಬೇಕಾಯಿತು.

ಮೊದಲು ಬೇಕರಿಗೆ ಹೋದರು. ಮಗ ಒಲೆಯಿಂದ ಬ್ರೆಡ್ಡಿನ ತಟ್ಟೆಗಳನ್ನು ಈಚೆಗೆಳೆಯುತ್ತಿದ್ದ. ಮೇಸ್ತ್ರಿ ಅವನ ಹಿಂದೆ ನಿಂತು, ಯಾರಿಗೂ ಹೇಳಬಾರದ್ದನ್ನು ಹೇಳುವವರಂತೆ, “ನಿಮ್ಮಕ್ಕ ಬಂದು ರೂಮುಗಳ ಅಳತೆ ತಗೊಂಡು ಹೋದ್ಲು ಕಣೋ. ಇಡೀ ಮನೆ ತನಗೇ ಬೇಕಂತೆ,” ಎಂದರು.

ಮಗನ ಮುಖ ಅರಳಿತು. “ನಿಜವಾಗ್ಲೂನಾ ಅಪ್ಪ? ಅಬ್ಬಾ! ತಗೊಳ್ಳಿ, ಬಿಸಿ ಬನ್ನು ತಿನ್ನಿ.”

ಕ್ಲಿನಿಕ್ಕಿನಲ್ಲಿ ಮಗಳು ಹಲ್ಲಿನ ಅಚ್ಚುಗಳನ್ನು ತೊಳೆದು ಸಾಲಾಗಿ ಇಡುತ್ತಿದ್ದಳು. ತಮ್ಮನೇ ಮನೆಯ ಮೇಲೆ ಕಣ್ಣು ಹಾಕಿದ್ದಾನೆ ಎಂದು ಕೇಳಿದಾಕ್ಷಣ ಎರಡೂ ಕೈ ಮೇಲೆತ್ತಿ, “ಸದ್ಯ, ಬದುಕಿಕೊಂಡೆ!” ಎಂದಳು. ಆಮೇಲೆ ಅಪ್ಪನ ಮುಖ ನೋಡಿ, “ಅಲ್ಲ, ಅವನಿಗೆ ಒಳ್ಳೇದಾಯ್ತು ಅಂದೆ,” ಎಂದು ತಿದ್ದಿಕೊಂಡಳು.

ಮೇಸ್ತ್ರಿ ಮನೆಗೆ ಬಂದು ಗೋಡೆಯ ಕಡೆ ಮುಖಮಾಡಿ ಮಲಗಿದರು. ಊಟ ಬೇಡವೆಂದರು. ನರ್ಸಮ್ಮ ಬಂದು ನಾಡಿ ಹಿಡಿದರು, ನಾಲಗೆ ಚಾಚಿಸಿ ನೋಡಿದರು. “ಮೈಗೇನೂ ಆಗಿಲ್ಲ. ಏನು ವಿಷಯ, ಬಾಯಿ ಬಿಡಿ,” ಎಂದರು. ಮೇಸ್ತ್ರಿ ಪೈಪಿನಲ್ಲಿ ಕೇಳಿಸಿದ್ದು, ಅಂಗಡಿಯಲ್ಲಿ ಹೇಳಿದ ಸುಳ್ಳು, ಎಲ್ಲವನ್ನೂ ಕಕ್ಕಿದರು.

“ಒಂದು ಚಿಕ್ಕ ಜಗಳ,” ಎಂದರು ಕೊನೆಗೆ, ಮೂಗೊರೆಸಿಕೊಳ್ಳುತ್ತ. “ಜೀವಮಾನವೆಲ್ಲ ಕೂಡಿಟ್ಟು ಕಟ್ಟಿದೀನಿ. ನನ್ನ ಮನೆಗೋಸ್ಕರ ಒಂದು ಚಿಕ್ಕ ಜಗಳ ಆಡಕ್ಕಾಗಲ್ವಾ ಅವರಿಗೆ?”

ನರ್ಸಮ್ಮ ಅವರೆದುರೇ ಫೋನು ತೆಗೆದುಕೊಂಡರು. ಮಗಳಿಗೆ ಹೇಳಿದ್ದನ್ನೇ ಮಗನಿಗೂ ಹೇಳಿದರು. “ಭಾನುವಾರ ಬಂದು ಸ್ವಲ್ಪ ಹೊತ್ತು ಜಗಳ ಆಡಿ ಹೋಗಿ. ಹೂಂ, ಮನೆ ವಿಷಯಕ್ಕೇ. ಕೈ ಮಾಡೋದೇನೂ ಬೇಡ, ಬಾಯಲ್ಲಾದ್ರೆ ಸಾಕು. ನಿಮ್ಮಪ್ಪ ಊಟ ಬಿಟ್ಟಿದಾರೆ.”

ಭಾನುವಾರ ಭೂತಗನ್ನಡಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ನ್ಯಾಯಾಧೀಶರ ಠೀವಿಯಲ್ಲಿ ಬಂದು ನಡುವಿನ ಕುರ್ಚಿಯಲ್ಲಿ ಕೂತರು. ಮಕ್ಕಳು ಎದುರುಬದುರು ಕೂತರು. ಮೇಸ್ತ್ರಿ ಕಿಟಕಿಯ ಹತ್ತಿರ ನಿಂತರು. ನರ್ಸಮ್ಮ ಬಾಗಿಲ ಬಳಿಯಿಂದ ಮಗನನ್ನು ದುರುಗುಟ್ಟಿ ನೋಡಿದರು.

“ಈ ಮನೆ ನನಗೆ ಬೇಕು,” ಎಂದ ಮಗ. ಇನ್ನೊಂದು ಲೋಟ ಟೀ ಸಿಗುತ್ತದೆಯೇ ಎಂದು ಕೇಳಿದ ಹಾಗಿತ್ತು.

“ಇಲ್ಲ, ನನಗೆ ಬೇಕು,” ಎಂದ ಮಗಳು ಕರವಸ್ತ್ರದಲ್ಲಿ ಬಾಯಿ ಮುಚ್ಚಿಕೊಂಡಳು. ಭುಜ ಕುಲುಕುತ್ತಿತ್ತು.

“ಪಾಪ, ಅಳ್ತಿದಾಳೆ,” ಎಂದರು ಭೂತಗನ್ನಡಿ.

ಮಗನಿಗೂ ನಗು ಬರುವಂತಾಯಿತು. ಅದನ್ನು ತಡೆಯಲು ಗಟ್ಟಿಯಾಗಿ, “ನಿನಗೆ ಯಾಕೆ ಬೇಕು? ಚಿಕ್ಕಂದಿನಿಂದ ಎಲ್ಲಾ ನಿನಗೇ ಸಿಕ್ಕಿದೆ!” ಎಂದ.

“ನನಗೇನು ಸಿಕ್ತು? ಮೇಲಿನ ಗಾಳಿ ಬರೋ ರೂಮು ನಿಂದೇ ಆಗಿತ್ತು.”

“ಗಾಳಿ! ಆ ರೂಮಲ್ಲಿ ಟ್ಯಾಂಕಿನ ಸದ್ದಿಗೆ ಒಂದು ದಿನ ನಿದ್ದೆ ಮಾಡಿಲ್ಲ ನಾನು.”

“ಟ್ಯಾಂಕಿನ ಮಾತು ನೀನು ಎತ್ತಬೇಡಪ್ಪ,” ಎಂದಳು ಮಗಳು, ಇನ್ನೂ ನಗುತ್ತಲೇ. “ಟ್ಯಾಂಕಿಗೆ ಮೀನು ಬಿಟ್ಟೋನು.”

ಮಗನ ಮುಖದಿಂದ ನಗು ಇಳಿದುಹೋಯಿತು.

ಹುಡುಗರಾಗಿದ್ದಾಗ ಯಾರೋ ಹೊಂಡದ ಮೀನುಮರಿಗಳನ್ನು ತಂದು ಮಾಳಿಗೆಯ ಟ್ಯಾಂಕಿಗೆ ಬಿಟ್ಟಿದ್ದರು. ಅವುಗಳಲ್ಲೊಂದು, ಮೇಸ್ತ್ರಿಗೆ ದೊಡ್ಡ ಕೆಲಸ ಕೊಡಲು ಬಂದ ಕಂಟ್ರಾಕ್ಟರರ ನೀರಿನ ಲೋಟಕ್ಕೆ ನಲ್ಲಿಯಿಂದ ಇಳಿದಿತ್ತು. ಕೆಲಸ ಕೈತಪ್ಪಿತು. ಮೇಸ್ತ್ರಿ ಮಗನ ಕಿವಿ ಹಿಂಡಿ, ಕೊಡಿಸುತ್ತೇನೆಂದಿದ್ದ ಸೈಕಲ್ಲನ್ನು ರದ್ದು ಮಾಡಿದ್ದರು.

“ಅಕ್ಕ,” ಎಂದ ಮಗ. ದನಿ ಬೇರೆಯಾಗಿತ್ತು. “ಮೀನು ಬಿಟ್ಟಿದ್ದು ಯಾರು?”

“ಹೋಗಲಿ ಬಿಡು. ನಾವೀಗ ಮನೆ ವಿಷಯ…”

“ಯಾರು ಅಂತ ಹೇಳು. ಎಲ್ಲರ ಮುಂದೆ ಹೇಳು.”

ಮಗಳು ಕರವಸ್ತ್ರ ಮಡಚಿದಳು, ಬಿಡಿಸಿದಳು. “ನನಗೆ ಭಯ ಆಗಿತ್ತು ಕಣೋ.”

“ನನಗೆ ಭಯ ಆಗಿರ್ಲಿಲ್ವಾ? ನಾನಲ್ಲ ನಾನಲ್ಲ ಅಂತ ಬಡ್ಕೊಂಡೆ. ನೀನು ಅಲ್ಲೇ ನಿಂತಿದ್ದೆ! ತುಟಿ ಪಿಟಕ್ ಅನ್ನಲಿಲ್ಲ. ಕ್ಲಾಸಿನ ಹುಡುಗರೆಲ್ಲ ಸೈಕಲ್ಲಲ್ಲಿ ಹೋಗೋರು. ನಾನೊಬ್ಬ ಹಿಂದೆ ಓಡೋನು!”

“ನೀನು ಮಾಡಿದ್ದು ಗೊತ್ತಿಲ್ವಾ ನನಗೆ? ನಾಟಕಕ್ಕೆ ಅಂತ ಅಮ್ಮ ತಂದ ಬಣ್ಣದ ಡಬ್ಬೀನ ನಾಯಿಗೆ ಬಳಿದೋನು ನೀನು! ನಾನು ಬಣ್ಣ ಇಲ್ಲದೆ ರಾಣಿ ಆಗಿ ನಿಂತೆ!”

“ನಾಯಿ ಬಣ್ಣ ಒಂದೇ ದಿನಕ್ಕೆ ತೊಳೆದುಹೋಯ್ತು! ನಾನು ಎಷ್ಟು ವರ್ಷ ಓಡಿದೆ ಗೊತ್ತಾ?”

ಇಬ್ಬರೂ ಎದ್ದು ನಿಂತಿದ್ದರು. ಬೆರಳುಗಳು ಮೂಗಿನ ತನಕ ಬಂದಿದ್ದವು. ಮೇಸ್ತ್ರಿ ಮೊದಲಿಗೆ ಹಿಗ್ಗಿ ಹೀರೇಕಾಯಾಗಿದ್ದರು. ಮಕ್ಕಳು ಚೆನ್ನಾಗಿ ಅಭಿನಯಿಸುತ್ತಿದ್ದಾರೆ ಎಂದುಕೊಂಡರು. ಆದರೆ ಮಗನ ಗಲ್ಲ ನಡುಗುತ್ತಿದ್ದುದು ಕಂಡು ಇದು ಅಭಿನಯವಲ್ಲ ಎಂದು ಗೊತ್ತಾಯಿತು. ಕಿವಿ ಹಿಂಡಿದ ಕೈ ಅವರದೇ. ನಾನಲ್ಲ ಎಂದ ಹುಡುಗನ ಮಾತು ನಂಬದಿದ್ದವರೂ ಅವರೇ.

ಭೂತಗನ್ನಡಿ ಕೈಯೆತ್ತಿದರು. “ನೋಡಿ ಮಕ್ಕಳೇ, ಇಂಥ ವ್ಯಾಜ್ಯದಲ್ಲಿ ನನ್ನ ಅನುಭವ ಏನಂದ್ರೆ…”

“ನೀವು ಸುಮ್ನಿರಿ!” ಎಂದರು ಅಕ್ಕತಮ್ಮ ಒಂದೇ ದನಿಯಲ್ಲಿ.

ಇದೇ ಸಮಯವೆಂದು ಮೇಸ್ತ್ರಿ ಮುಂದೆ ಬಂದರು. “ಮಕ್ಕಳೇ, ಆಸ್ತಿ ಇವತ್ತು ಇರುತ್ತೆ, ನಾಳೆ…”

“ಆಸ್ತಿ ಯಾರಿಗೆ ಬೇಕಾಗಿದೆ ಅಪ್ಪ?” ಮಗ ತಿರುಗಿ ಕೂಗಿದ. “ನಾವು ಸೈಕಲ್ ವಿಷಯ ಮಾತಾಡ್ತಿದೀವಿ!”

ಎಲ್ಲೋ ಗೋಡೆಯೊಳಗೆ ಒಂದು ಪೈಪು ಗುಳುಗುಳು ಎಂದಿತು. ಮೇಸ್ತ್ರಿಗೆ ಕ್ಷಮೆ ಕೇಳುವುದು ಅಭ್ಯಾಸವಿರಲಿಲ್ಲ. ಮಗನ ಅಂಗಿಯ ತೋಳಿಗಂಟಿದ್ದ ಹಿಟ್ಟನ್ನು ಕೊಡವುತ್ತ, “ಈಗ ಕೊಡಿಸಲಾ?” ಎಂದರು.

“ಈಗ ನನಗೆ ಮಂಡಿ ನೋವು ಅಪ್ಪ,” ಎಂದ ಮಗ. ಹೇಳುತ್ತ ಹೇಳುತ್ತ ಅವನಿಗೇ ನಗು ಬಂತು. ಅಕ್ಕ ಅಳುತ್ತಲೇ ನಕ್ಕಳು. ಆಮೇಲೆ ತಮ್ಮನ ಬೆನ್ನಿಗೊಂದು ಗುದ್ದಿ, ಅದೇ ಬೆನ್ನಿಗೆ ಹಣೆಯಿಟ್ಟುಕೊಂಡು, “ತಪ್ಪಾಯ್ತು ಕಣೋ,” ಎಂದಳು.

ಭೂತಗನ್ನಡಿ ಸದ್ದಿಲ್ಲದೆ ಎದ್ದರು. ಮೇಸ್ತ್ರಿ ಬಾಗಿಲವರೆಗೆ ಬಂದಾಗ ಚಪ್ಪಲಿ ಮೆಟ್ಟುತ್ತ, “ನಿನ್ನ ಮಕ್ಕಳು ಚೆನ್ನಾಗಿ ಬೈದಾಡ್ತಾರೆ,” ಎಂದರು. ಎಂದೂ ಯಾವುದನ್ನೂ ಚಿಕ್ಕದು ಮಾಡಿ ಹೇಳದ ಅವರ ದನಿ ಚಿಕ್ಕದಾಗಿತ್ತು. “ನಮ್ಮೋರು ವಕೀಲರ ಬಾಯಲ್ಲಿ ಮಾತಾಡ್ತಾರೆ. ಹೀಗೆ ಎದುರಿಗೆ ನಿಂತು ಒಂದು ಸಲ ಕೂಗಾಡಿದ್ರೆ ಸಾಕಾಗಿತ್ತು ನನಗೆ.” ಆ ಮಧ್ಯಾಹ್ನ ಅವರು ಅಂಗಡಿ ತೆರೆಯಲಿಲ್ಲ. ದೊಡ್ಡ ಮಗನನ್ನು ಕರೆದುಕೊಂಡು ಚಿಕ್ಕ ಮಗನ ಮನೆಗೆ ಹೋಗಿ ಬಾಗಿಲು ತಟ್ಟಿದರಂತೆ. ಒಳಗೆ ಭಾರೀ ಗಲಾಟೆಯಾಯಿತಂತೆ. ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ಯಾರಿಗೂ ತಿಳಿಯಲಿಲ್ಲ.

ಇತ್ತ ಮೇಸ್ತ್ರಿ ಒಳಗೆ ಬಂದು ಕುರ್ಚಿಯಲ್ಲಿ ಕುಸಿದರು. “ಹಾಗಾದ್ರೆ ಈ ಮನೆ ಯಾರಿಗೂ ಬೇಡ,” ಎಂದರು.

“ನನಗೆ ಬೇಕು,” ಎಂದರು ನರ್ಸಮ್ಮ.

ಮೂವರೂ ತಿರುಗಿ ನೋಡಿದರು.

“ಏನು ಹಾಗೆ ನೋಡ್ತೀರಾ? ಮಗಳನ್ನ ಕೇಳಿದ್ರಿ, ಮಗನ್ನ ಕೇಳಿದ್ರಿ. ನಾನು ಈ ಮನೆಯೋಳಲ್ವಾ? ಎಲ್ಲರಿಗಿಂತ ಜಾಸ್ತಿ ನೀರು ಹಿಡಿದಿರೋಳು ನಾನು. ನನ್ನ ಹೆಸರಿಗೆ ಬರೀರಿ.”

“ನಿನಗ್ಯಾಕೆ? ಹೇಗೂ ಇಲ್ಲೇ ಇದೀಯಲ್ಲ.”

“ನೀವೂ ಇಲ್ಲೇ ಇದೀರಾ. ನಿಮ್ಮ ಹೆಸರಿಗೆ ಯಾಕೆ?”

ಮಗಳು ಚಪ್ಪಾಳೆ ತಟ್ಟಿದಳು. ವಕೀಲರು ಪತ್ರ ಬರೆದರು. ನೋಂದಣಿ ಕಚೇರಿಯಲ್ಲಿ ಗುಮಾಸ್ತರು ಕಣ್ಣೆತ್ತದೆ, “ದಾನ ಸಂತೋಷದಿಂದ ಸ್ವೀಕರಿಸಿದೀರಾ ಅಮ್ಮ?” ಎಂದು ಕೇಳಿದರು.

“ಸ್ವೀಕರಿಸಿದೀನಿ. ಸಂತೋಷ ರಿಪೇರಿ ಆದ್ಮೇಲೆ ನೋಡೋಣ,” ಎಂದರು ನರ್ಸಮ್ಮ.

ರಿಪೇರಿ ಎಂದರೆ ಏನೆಂದು ಮೇಸ್ತ್ರಿಗೆ ತಿಳಿದದ್ದು, ಮನೆ ಮುಂದೆ ಒಂದು ಗಾಡಿ ನಿಂತು, ಅದರಿಂದ ಗಟ್ಟಿ ಮೈಕಟ್ಟಿನ ಒಬ್ಬ ಹೆಂಗಸು ಸ್ಪ್ಯಾನರು ಹಿಡಿದು ಇಳಿದಾಗ. ಹೆಂಡತಿ ಪ್ಲಂಬರನ್ನು ಕರೆಸಿದ್ದರು. ಪೈಪ್ ಮೇಸ್ತ್ರಿಯ ಮನೆಗೆ. ಬೇರೆ ಪ್ಲಂಬರನ್ನು!

“ಒಂದು ಮಾತು ಕೇಳಬಾರ್ದಿತ್ತಾ?” ಎಂದರು ಮೇಸ್ತ್ರಿ, ಮುಖ ಕಪ್ಪಿಟ್ಟು.

“ಮನೆ ಯಾರದ್ದು?” ಎಂದರು ನರ್ಸಮ್ಮ, ಮೆತ್ತಗೆ.

ಮೇಸ್ತ್ರಿ ಮೆಟ್ಟಿಲ ಮೇಲೆ ಕೂತು, ತಮ್ಮವರ ಆಪರೇಷನ್ ನಡೆಯುತ್ತಿರುವಾಗ ಹೊರಗೆ ಕಾಯುವವರಂತೆ ಕೈ ಹೊಸೆದುಕೊಂಡರು. ಪ್ಲಂಬರಮ್ಮ ಕೆಳಗಿನಿಂದ ಮೇಲಿನವರೆಗೆ ಗೋಡೆಗಳನ್ನೆಲ್ಲ ನೋಡಿಬಂದು, ಬೆವರೊರೆಸಿಕೊಂಡು, “ಇದನ್ನ ಯಾರು ಮಾಡಿದ್ದು?” ಎಂದು ಕೇಳಿದಳು.

“ಯಾರೋ ಹಳೇ ಕಾಲದೋರು,” ಎಂದರು ನರ್ಸಮ್ಮ.

“ಪೈಪು ಎಲ್ಲಿಂದ ಎಲ್ಲಿಗೆ ಹೋಗತ್ತೋ ಶಿವನೇ ಬಲ್ಲ. ಆದ್ರೆ ಒಂದು ಮಾತು ಹೇಳ್ತೀನಿ ಅಮ್ಮ. ಇಷ್ಟು ಜಾಯಿಂಟಲ್ಲಿ ಒಂದೂ ಸೋರಿಲ್ಲ.”

“ನಾನೇ! ನಾನೇ ಮಾಡಿದ್ದು!” ಮೇಸ್ತ್ರಿ ಮೆಟ್ಟಿಲಿನಿಂದ ಎದ್ದುಬಿಟ್ಟರು. ಆಮೇಲೆ ಕೆಲಸ ಮುಗಿಯುವ ತನಕ ಅವಳ ಬೆನ್ನು ಬಿಡಲಿಲ್ಲ. ಇದನ್ನು ಮುಚ್ಚು, ಅದನ್ನು ಬಿಚ್ಚಬೇಡ, ಇದರ ಹಿಂದೆ ಇನ್ನೊಂದಿದೆ ಎನ್ನುತ್ತ, ತಾವು ಹಾಕಿದ್ದನ್ನೆಲ್ಲ ತಾವೇ ತೋರಿಸಿಕೊಟ್ಟು ತೆಗೆಸಿದರು. ಕಿತ್ತ ಪೈಪು ಹಿತ್ತಿಲಲ್ಲಿ ರಾಶಿ ಬಿತ್ತು. ಕೊನೆಯ ದಿನ ನರ್ಸಮ್ಮ ಅಡುಗೆಮನೆಯ ನಲ್ಲಿ ತಿರುಗಿಸಿದರು. ನೀರು ಬಂತು. ಮಹಡಿಯಲ್ಲಿ ಯಾರೂ ಕಿರುಚಲಿಲ್ಲ. ಆಕೆ ನಲ್ಲಿ ನಿಲ್ಲಿಸಿ, ಮತ್ತೆ ತಿರುಗಿಸಿ, ಮತ್ತೆ ನಿಲ್ಲಿಸಿ, ಹುಡುಗಿಯಂತೆ ಆಡಿದರು.

ಮಕ್ಕಳು ಮನೆಗೆ ಬರುವುದು ಹೆಚ್ಚಾಯಿತು. ಒಂದು ದಿನ ಮಗಳು ಮಹಡಿಯ ಗೋಡೆ ಸವರುತ್ತ, “ಅಮ್ಮ, ಈ ರೂಮು ಇಷ್ಟು ದೊಡ್ಡದು ಅಂತ ಗೊತ್ತೇ ಇರ್ಲಿಲ್ಲ,” ಎಂದಳು. ಅದೇ ವಾರ ಮಗ ಕೇಕು ಹಿಡಿದುಕೊಂಡು ಬಂದು, “ಹುಡುಗರು ಎಷ್ಟು ಬೇಗ ಬೆಳೀತಾರೆ ನೋಡು. ಮುಂದಕ್ಕೆ ಈ ಮನೆ ವಿಷಯ ಏನಾದ್ರೂ ಯೋಚನೆ ಮಾಡಿದೀಯಾ ಅಮ್ಮ?” ಎಂದ.

“ಮಾಡಿದೀನಲ್ಲ,” ಎಂದರು ನರ್ಸಮ್ಮ ಕೇಕು ಕತ್ತರಿಸುತ್ತ. “ಮೇಲಿನ ಎರಡು ಮಹಡಿ ಬಾಡಿಗೆಗೆ ಕೊಡ್ತೀನಿ. ಬಾಡಿಗೆ ಬಂದ ತಕ್ಷಣ ಸಮುದ್ರ ನೋಡೋಕೆ ಹೋಗ್ತೀನಿ.”

ಮೇಸ್ತ್ರಿ ಬಾಗಿಲಲ್ಲಿ ನಿಂತು ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದರು. ಮಗ ಹೋದ ಮೇಲೆ ಒಳಗೆ ಬಂದು, ಮೇಜಿನ ಮೇಲಿನ ಚೂರುಗಳನ್ನು ಬೆರಳಲ್ಲಿ ಒಟ್ಟುಮಾಡುತ್ತ ಕೇಳಿದರು.

“ಸಮುದ್ರಕ್ಕೆ ನಾನೂ ಬರಬಹುದಾ?”

“ಬನ್ನಿ,” ಎಂದರು ನರ್ಸಮ್ಮ. “ಆದ್ರೆ ಹೋಟೆಲಿನ ಬಚ್ಚಲಲ್ಲಿ ಏನನ್ನೂ ಮುಟ್ಟಬಾರ್ದು.”